ಐನ್ಯಾಚುರಲಿಸ್ಟ್ ಆ್ಯಪ್: ಚಿಟ್ಟೆಗೆ ಭೇಷ್, ಅಣಬೆಗೆ ಅರ್ಧ ದಾರಿ

ಬೆಳಗಾವಿ ಜಿಲ್ಲೆಯ ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆ ಮಳೆ ಹಿಡಿಯಿತೆಂದರೆ ಅಣಬೆಗೂ ಹುಳುಗಳಿಗೂ ಬರವಿಲ್ಲ. ಅವುಗಳ ಹೆಸರು ತಿಳಿಯುವ ಆಸೆ ಇದ್ದವರು ಮೊದಲು ಹಾಕಿಕೊಳ್ಳಬೇಕಾದ ಆ್ಯಪ್ ಇದೇ. ದುಡ್ಡಿಲ್ಲ, ಜಾಹೀರಾತಿಲ್ಲ. ಫೋಟೊ ನೋಡಿ ಯಂತ್ರ ಹೆಸರು ಸೂಚಿಸುತ್ತದೆ. ಅದು ತಪ್ಪಿದರೆ ತಿದ್ದಲು ತಿಳಿದವರಿದ್ದಾರೆ. ಕನಿಷ್ಠ ಇಬ್ಬರು ಒಪ್ಪಿ, ಒಟ್ಟು ಅಭಿಪ್ರಾಯದಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಒಂದೇ ಪ್ರಭೇದದ ಕಡೆಗಿದ್ದರೆ ಮಾತ್ರ ‘ರಿಸರ್ಚ್ ಗ್ರೇಡ್’ (ಹೆಸರನ್ನು ನಂಬಬಹುದು ಎಂಬ ದರ್ಜೆ) ಸಿಗುತ್ತದೆ. ಅಲ್ಲಿಯವರೆಗೆ ಹೆಸರನ್ನು ಊಹೆ ಎಂದೇ ತಿಳಿಯಿರಿ.

ಚಿಟ್ಟೆ, ಏರೋಪ್ಲೇನ್ ಚಿಟ್ಟೆ, ದೊಡ್ಡ ಪತಂಗಗಳಲ್ಲಿ ಉತ್ತರ ಬಹಳ ಸಲ ಸರಿ. ಎಡವುವುದು ವೇಷಧಾರಿಗಳಲ್ಲಿ. ಎಕ್ಕದ ಗಿಡದ ಸುತ್ತ ಹಾರುವ ಪ್ಲೇನ್ ಟೈಗರ್ ಚಿಟ್ಟೆಗೆ ಹಿಂದಿನ ರೆಕ್ಕೆಯ ನಡುವೆ ಮೂರ್ನಾಲ್ಕು ಕಪ್ಪು ಚುಕ್ಕೆಗಳಿವೆ. ಅದನ್ನೇ ಹೋಲುವ ಹೆಣ್ಣು ಡನಾಯ್ಡ್ ಎಗ್‌ಫ್ಲೈಗೆ ಮುಂದಂಚಿನ ಹತ್ತಿರ ಒಂದೇ ಚುಕ್ಕೆ. ಆ ರೆಕ್ಕೆ ಕಾಣದ ಫೋಟೊ ಹಾಕಿದರೆ ಯಾರೂ ಖಚಿತವಾಗಿ ಹೇಳಲಾರರು. ಸಣ್ಣ ನೊಣ, ಕಣಜಗಳು ಹೆಚ್ಚಾಗಿ ಕುಟುಂಬದ ಹೆಸರಿಗೇ ನಿಲ್ಲುತ್ತವೆ.

ಅಣಬೆಗೆ ಮೇಲಿನಿಂದ ತೆಗೆದ ಒಂದು ಫೋಟೊ ಏನೇನೂ ಸಾಲದು. ಕೊಡೆಯ ಮೇಲ್ಭಾಗ, ಕೆಳಗಿನ ಪದರಗಳು, ಬುಡದ ಮಣ್ಣು ಬಿಡಿಸಿದ ದಂಟು, ಬೆಳೆದ ಜಾಗ (ಮಣ್ಣೋ ಸಗಣಿಯೋ ಕೊಳೆತ ಕಟ್ಟಿಗೆಯೋ), ಇಷ್ಟೂ ಒಂದೇ ದಾಖಲೆಯಲ್ಲಿರಲಿ. ಯಂತ್ರ ಮೊದಲ ಫೋಟೊವನ್ನೇ ನೋಡುವುದರಿಂದ ಎಲ್ಲಕ್ಕಿಂತ ಸ್ಪಷ್ಟವಾದದ್ದು ಮೊದಲಿಗಿರಲಿ. ಬೀಜಕಣಗಳ ಬಣ್ಣವನ್ನು ಮಾತ್ರ ನೀವೇ ತೋರಿಸಬೇಕು. ದಂಟು ಕತ್ತರಿಸಿ, ಕೊಡೆಯನ್ನು ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಪದರ ಕೆಳಗಾಗಿ ಇಟ್ಟು ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಗದದ ಮೇಲೆ ಉದುರಿದ ಪುಡಿಯ ಬಣ್ಣವೇ ಬೀಜಕಣಗಳ ಬಣ್ಣ. ಬಿಳಿ ಪುಡಿ ಬಿಳಿ ಕಾಗದದ ಮೇಲೆ ಕಾಣದು, ಅದಕ್ಕೇ ಕಪ್ಪು. ಹುಲ್ಲುಹಾಸಿನಲ್ಲಿ ಏಳುವ ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಎಂಬ ವಿಷದ ಅಣಬೆಯ ಪದರಗಳು ಎಳೆಯದರಲ್ಲಿ ಬಿಳಿ, ತಿನ್ನುವ ಅಣಬೆಯಂತೆಯೇ ಕಾಣುತ್ತದೆ. ಆದರೆ ಕಾಗದದ ಮೇಲೆ ಬೀಳುವ ಅದರ ಪುಡಿ ಹಸಿರು. ತಿಂದರೆ ವಾಂತಿ, ಭೇದಿ ತಪ್ಪಿದ್ದಲ್ಲ. ಈ ಆ್ಯಪ್ ನಂಬಿ ಯಾವ ಅಣಬೆಯನ್ನೂ ಅಡುಗೆಮನೆಗೆ ತರಬೇಡಿ.

ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಬಂದ ಫೋಟೊ ಹಾಕಬೇಡಿ: ಜಾಗದ ಮಾಹಿತಿ ಅಳಿಸಿಹೋಗಿರುತ್ತದೆ, ಜಾಗವಿಲ್ಲದೆ ಯಂತ್ರ ದೂರದೇಶದ ಹೆಸರುಗಳನ್ನೂ ಮುಂದಿಡುತ್ತದೆ. ಕಾಡಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಆನ್ ಇಟ್ಟು ದಾಖಲಿಸಿ, ಮನೆಗೆ ಬಂದು ಅಪ್‌ಲೋಡ್ ಮಾಡಬಹುದು. ಮನೆಯಂಗಳದ ಫೋಟೊಗಳಿಗೆ ಜಾಗದ ಆಯ್ಕೆಯನ್ನು ‘ಅಬ್ಸ್‌ಕ್ಯೂರ್ಡ್’ ಮಾಡಿದರೆ ನಿಖರ ಸ್ಥಳ ಎಲ್ಲರಿಗೂ ಕಾಣುವುದಿಲ್ಲ. ಭೀಮಗಡ ಅಭಯಾರಣ್ಯದೊಳಗೆ ಅಣಬೆ ಕೀಳುವಂತಿಲ್ಲ. ಅಲ್ಲಿ ಸಣ್ಣ ಕನ್ನಡಿಯನ್ನು ಕೊಡೆಯ ಕೆಳಗೆ ಹಿಡಿದು ಪದರಗಳ ಫೋಟೊ ತೆಗೆಯಿರಿ.