ಒಂದು ಜೀಪು, ನಾಲ್ಕು ಜಾತಕ: ಹನ್ನೆರಡು ವರ್ಷಗಳ ಬಳಕೆಯ ನಂತರ

ಹನ್ನೆರಡು ವರ್ಷಗಳ ಹಿಂದೆ ಈ ಸೇನಾ ಜೀಪನ್ನು ಕೊಂಡಾಗ, ಮಾರಿದವರು ಕೊಟ್ಟ ಕಾಗದದಲ್ಲಿ ‘ವಿಲ್ಲಿಸ್ ಎಂಬಿ, 1944’ ಎಂದಿತ್ತು. ಡ್ಯಾಶ್‌ಬೋರ್ಡಿನಲ್ಲಿರುವ ಪುಟ್ಟ ಪೆಟ್ಟಿಗೆಯ ಮುಚ್ಚಳದ ಮೇಲಿನ ಲೋಹದ ಫಲಕವೂ ಅದನ್ನೇ ಹೇಳುತ್ತಿದ್ದುದರಿಂದ ನಾನು ಸಂಶಯಪಡಲಿಲ್ಲ. ಎರಡನೆಯ ವರ್ಷ ಮುಂದಿನ ಬ್ರೇಕ್ ಪೈಪು ಬದಲಿಸಲು ಗಾಡಿಯ ಅಡಿಯಲ್ಲಿ ಮಲಗಿದ್ದಾಗ, ರೇಡಿಯೇಟರಿನ ಕೆಳಗೆ ಫ್ರೇಮಿನ ಎರಡು ತೊಲೆಗಳನ್ನು ಜೋಡಿಸುವ ಅಡ್ಡಪಟ್ಟಿ ಕಣ್ಣಿಗೆ ಬಿತ್ತು. ವಿಲ್ಲಿಸ್ ಫ್ರೇಮಿನಲ್ಲಿ ಆ ಜಾಗದಲ್ಲಿರುವುದು ದುಂಡನೆಯ ಕೊಳವೆ. ನನ್ನ ಗಾಡಿಯಲ್ಲಿದ್ದದ್ದು ಬೋರಲು ಹಾಕಿದ ದೋಣಿಯಂಥ ಮಡಿಕೆ ತಗಡು, ಅಂದರೆ ಫೋರ್ಡ್ ಕಾರ್ಖಾನೆಯ ಫ್ರೇಮು.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. 1941ರಿಂದ 1945ರವರೆಗೆ ಅಮೆರಿಕದ ಸೇನೆಗಾಗಿ ಒಂದೇ ವಿನ್ಯಾಸದ ಜೀಪನ್ನು ವಿಲ್ಲಿಸ್ ಮತ್ತು ಫೋರ್ಡ್ ಎರಡೂ ತಯಾರಿಸಿದವು. ಒಟ್ಟು ಸಂಖ್ಯೆ ಸುಮಾರು 6,40,000. ವಿಲ್ಲಿಸ್ ತನ್ನದನ್ನು ಎಂಬಿ ಎಂದೂ ಫೋರ್ಡ್ ತನ್ನದನ್ನು ಜಿಪಿಡಬ್ಲ್ಯು ಎಂದೂ ಕರೆಯಿತು. ಜಿಪಿಡಬ್ಲ್ಯುವಿನಲ್ಲಿ ಜಿ ಎಂದರೆ ಸರಕಾರಿ ವಾಹನ, ಪಿ ಎಂದರೆ 80 ಅಂಗುಲದ ಚಕ್ರಾಂತರ, ಡಬ್ಲ್ಯು ಎಂದರೆ ವಿಲ್ಲಿಸ್ ವಿನ್ಯಾಸದ ಎಂಜಿನ್. ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದಲೇಬೇಕೆಂಬುದು ಸೇನೆಯ ಷರತ್ತಾಗಿತ್ತು. ಯುದ್ಧಭೂಮಿಯಲ್ಲಿ ಈ ಷರತ್ತು ವರವಾಗಿರಬಹುದು, ಆದರೆ ಚರಿತ್ರೆ ಹುಡುಕುವವನಿಗೆ ಇದಕ್ಕಿಂತ ದೊಡ್ಡ ತೊಡಕು ಬೇರೊಂದಿಲ್ಲ.

ಫೋರ್ಡ್ ಫ್ರೇಮಿನ ಸಂಖ್ಯೆಯನ್ನು ಎಡ ತೊಲೆಯ ಮೇಲ್ಮೈಯಲ್ಲಿ, ಮುಂಭಾಗದಲ್ಲಿ, ನೇರವಾಗಿ ಲೋಹಕ್ಕೆ ಒತ್ತಿರುತ್ತಾರೆ. ವಿಲ್ಲಿಸ್‌ನಲ್ಲಾದರೆ ಅದು ಎಡ ತೊಲೆಯ ಒಳಮಗ್ಗುಲಿಗೆ ರಿವೆಟ್ ಹೊಡೆದ ಸಣ್ಣ ಫಲಕದಲ್ಲಿರುತ್ತದೆ. ತುಕ್ಕು ಮತ್ತು ಜಿಡ್ಡನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿಯ ಬ್ರಷ್ಷನ್ನು ಹಗುರವಾಗಿ ಆಡಿಸಿ, ಓರೆಯಾಗಿ ಬೆಳಕು ಬಿಟ್ಟಾಗ ನನಗೆ ಅಂಕಿಗಳು ಕಂಡವು. ಗ್ರೈಂಡರ್ ಹಿಡಿದು ಉಜ್ಜಿದರೆ ತುಕ್ಕಿನ ಜೊತೆಗೆ ಅಂಕಿಯೂ ಹೋಗುತ್ತದೆ ಎಂಬುದನ್ನು ದಯವಿಟ್ಟು ನೆನಪಿಡಿ. ಸಂಖ್ಯೆ 1943ರ ತಯಾರಿಕೆಯ ವ್ಯಾಪ್ತಿಗೆ ಬಿತ್ತು. ಜೊತೆಗೆ ಫ್ರೇಮಿಗೆ ಅಂಟಿಕೊಂಡ ಹಲವು ಬೋಲ್ಟುಗಳ ತಲೆಯ ಮೇಲೆ ಫೋರ್ಡಿನ ‘ಎಫ್’ ಅಕ್ಷರವಿತ್ತು. ಡ್ಯಾಶ್‌ಬೋರ್ಡಿನ ಫಲಕವಂತೂ ಯಾರೋ ಈಚೆಗೆ ಮಾಡಿಸಿ ತಿರುಪಿದ ನಕಲು ಎಂದು ಅಲ್ಲಿಗೆ ಖಚಿತವಾಯಿತು.

ಈ ನಡುವೆ, ಹಳೆಯ ಸೇನಾ ವಾಹನಗಳ ಚರಿತ್ರೆ ಹುಡುಕಿಕೊಡುವುದಾಗಿ ಹೇಳುವ ಒಂದು ಸಂಸ್ಥೆಗೆ ಹಣ ಕಟ್ಟಿದ್ದೆ. ಅವರು ಫಲಕದ ಛಾಯಾಚಿತ್ರವನ್ನಷ್ಟೇ ಕೇಳಿ, ಅದರಲ್ಲಿದ್ದ ನಕಲಿ ಸಂಖ್ಯೆಯನ್ನೇ ಅಂದವಾದ ಅಂಚಿನ ಪ್ರಮಾಣಪತ್ರದಲ್ಲಿ ಮುದ್ರಿಸಿ ಕಳುಹಿಸಿದರು. ಫ್ರೇಮಿನ ಚಿತ್ರವನ್ನು ಕೇಳದ ಯಾವ ಸೇವೆಗೂ ಹಣ ಕೊಡಬಾರದೆಂಬುದು ಅಲ್ಲಿಂದೀಚೆಗೆ ನನ್ನ ಖಚಿತ ಅಭಿಪ್ರಾಯ.

ಎಂಜಿನ್ನಿನ ಸಂಖ್ಯೆ ಬ್ಲಾಕಿನ ಬಲಭಾಗದಲ್ಲಿ, ಆಯಿಲ್ ಫಿಲ್ಟರಿನ ಕೆಳಗಿನ ಚಪ್ಪಟೆ ಉಬ್ಬಿನ ಮೇಲಿರುತ್ತದೆ. ಕಾರ್ಖಾನೆಯಿಂದ ಹೊರಬಿದ್ದ ಜಿಪಿಡಬ್ಲ್ಯುವಿನಲ್ಲಿ ಅದು ಫ್ರೇಮಿನ ಸಂಖ್ಯೆಯೇ ಆಗಿರಬೇಕು. ನನ್ನದರಲ್ಲಿ ‘ಎಂಬಿ’ ಎಂದು ಆರಂಭವಾಗುತ್ತಿತ್ತು. ಬಾಡಿಯೂ ಮೂಲದ್ದಲ್ಲ: 1944ರ ಆರಂಭದಿಂದ ಎರಡೂ ಕಾರ್ಖಾನೆಗಳಿಗೆ ಒಂದೇ ಕಂಪನಿ ತಯಾರಿಸಿ ಕೊಡುತ್ತಿದ್ದ ಸಮಾನ ಮಾದರಿಯ ಬಾಡಿ ಅದು. ಈ ಕಲಬೆರಕೆಗೆ ಕಾರಣ ಡ್ಯಾಶ್‌ಬೋರ್ಡಿನ ಮೇಲೆ ಬಣ್ಣದಡಿ ಮುಚ್ಚಿಹೋಗಿದ್ದ ಇನ್ನೊಂದು ಚಿಕ್ಕ ಫಲಕದಲ್ಲಿ ಸಿಕ್ಕಿತು. ಪ್ಯಾರಿಸ್ ಸಮೀಪದ ಲಾ ಮಾಲ್ಟೂರ್ನೆಯಲ್ಲಿದ್ದ ಫ್ರೆಂಚ್ ಸೇನೆಯ ದುರಸ್ತಿ ಕಾರ್ಖಾನೆಯ ಫಲಕ ಅದು. ಯುದ್ಧಾನಂತರ ಅಲ್ಲಿ ಜೀಪುಗಳನ್ನು ಪೂರ್ತಿ ಬಿಚ್ಚಿ, ಭಾಗಗಳನ್ನು ಸರಿಪಡಿಸಿ, ಯಾವುದು ಯಾವ ಗಾಡಿಯದೆಂದು ನೋಡದೆ ಮತ್ತೆ ಜೋಡಿಸುತ್ತಿದ್ದರು. ಮಾರಿದವರ ಸುಳ್ಳಿಗಿಂತ ಈ ಫಲಕದ ಸತ್ಯ ನನಗೆ ಹೆಚ್ಚು ಇಷ್ಟವಾಯಿತು.

ಬಣ್ಣದ ಕೆಲಸ ಒಂದು ಇಡೀ ಮಳೆಗಾಲವನ್ನು ತೆಗೆದುಕೊಂಡಿತು. ನಯವಾದ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಬಾನೆಟ್ಟಿನ ಪಕ್ಕವನ್ನು ಪದರ ಪದರವಾಗಿ ಉಜ್ಜಿದೆ. ಮೊದಲು ಹೊಳೆಯುವ ಹೊಸ ಹಸಿರು, ಅದರಡಿ ಫ್ರೆಂಚರ ಗಾಢ ಹಸಿರು, ಕೊನೆಗೆ ಅಮೆರಿಕನ್ನರ ಮಾಸಲು ಆಲಿವ್ ಬಣ್ಣ. ಅದರ ಮೇಲೆ ಮಸುಕು ನೀಲಿಯಲ್ಲಿ, 20ರಿಂದ ಆರಂಭವಾಗುವ ನೋಂದಣಿ ಸಂಖ್ಯೆಯ ಐದು ಅಂಕಿಗಳು ಉಳಿದಿದ್ದವು. ಲಘು ವಾಹನಗಳಿಗೆ 20 ಎಂಬುದು ಅಮೆರಿಕನ್ ಸೇನೆಯ ವರ್ಗಸೂಚಿ. ಬಿಳಿ ಅಂಕಿಗಳು ನಿಯಮವಾಗುವ ಮೊದಲು ಆ ನೀಲಿಯೇ ಅಧಿಕೃತ ಬಣ್ಣವಾಗಿತ್ತು. ಉಳಿದಿರುವ ಬೇರೆ ಜೀಪುಗಳ ಸಂಖ್ಯೆಗಳೊಂದಿಗೆ ಹೋಲಿಸಿದಾಗ ಇದು 1942ರ ಗುಂಪಿಗೆ ಸೇರಿತು. ಎಂದರೆ ಫ್ರೇಮಿಗಿಂತ ಬಾನೆಟ್ಟು ಹಳೆಯದು! ಅಲ್ಲಿಗೆ ಬಾನೆಟ್ಟಿನ ಜಾತಕ ಬಾನೆಟ್ಟಿಗೆ, ಫ್ರೇಮಿನ ಜಾತಕ ಫ್ರೇಮಿಗೆ ಎಂದು ಒಪ್ಪಿಕೊಂಡೆ.

ಬಳಕೆಯ ಬಗ್ಗೆ ಹೇಳುವುದು ಕಡಿಮೆ. 2.2 ಲೀಟರಿನ, 60 ಅಶ್ವಶಕ್ತಿಯ ಎಂಜಿನ್ ಇಂದಿಗೂ ತಗ್ಗು ಗೇರಿನಲ್ಲಿ ಕೆಸರು ದಾಟಿಸುತ್ತದೆ. ಕಾರ್ಖಾನೆಯ ಲೆಕ್ಕದಲ್ಲಿ ಗಂಟೆಗೆ 105 ಕಿ.ಮೀ. ವೇಗವಿದ್ದರೂ 65 ದಾಟಿದರೆ ಸ್ಟೇರಿಂಗು ನನ್ನ ಮಾತು ಕೇಳುವುದಿಲ್ಲ. ಪೆಟ್ರೋಲ್ ಟ್ಯಾಂಕು ಚಾಲಕನ ಆಸನದ ಅಡಿಯಲ್ಲಿರುವುದರಿಂದ ಪ್ರತಿ ಸಲವೂ ಎದ್ದು ಆಸನ ಎತ್ತಬೇಕು. ಎಡಗಡೆಯ ಚಕ್ರಗಳ ನಟ್ಟುಗಳಿಗೆ ಎಡತಿರುವಿನ ಥ್ರೆಡ್ ಇದೆ, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಇದನ್ನು ತಿಳಿಯದ ಮೆಕ್ಯಾನಿಕ್ ಒಬ್ಬರು ಬಲ ಹಾಕಿ ಎರಡು ಸ್ಟಡ್ಡುಗಳನ್ನು ಮುರಿದರು. ಆರು ವೋಲ್ಟಿನ ದೀಪಗಳನ್ನು ನಂಬಿ ರಾತ್ರಿ ಹೊರಡಬೇಡಿ.

ಕೊಳ್ಳುವವರು ಮೊದಲು ಅಡ್ಡಪಟ್ಟಿಯನ್ನು, ನಂತರ ಎಡ ತೊಲೆಯನ್ನು, ಆಮೇಲೆ ಎಂಜಿನ್ನಿನ ಉಬ್ಬನ್ನು ನೋಡಲಿ. ಫಲಕವನ್ನು ಎಲ್ಲಕ್ಕಿಂತ ಕೊನೆಗೆ ಓದಲಿ. ನಾನು ನಕಲಿ ಫಲಕವನ್ನು ಬಿಚ್ಚಿಟ್ಟಿದ್ದೇನೆ, ಅದರ ತೂತುಗಳು ಹಾಗೆಯೇ ಇವೆ. ಕಳೆದ ವರ್ಷ ಗಾಡಿಗೆ ಪೂರ್ತಿ ಬಣ್ಣ ಹೊಡೆಸುವಾಗ ಬಾನೆಟ್ಟಿನ ಆ ಅಂಗೈಯಗಲದ ಜಾಗವನ್ನು ಕಾಗದ ಅಂಟಿಸಿ ಕಾಪಾಡಿ, ಐದು ನೀಲಿ ಅಂಕಿಗಳ ಮೇಲೆ ಪಾರದರ್ಶಕ ವಾರ್ನಿಷನ್ನಷ್ಟೇ ಬಳಿಸಿದೆ.