ಪಿಸಿಐಬೆಕ್ಸ್ ಫಾರ್ಮ್: ಕನ್ನಡ ವಾಕ್ಯಗಳ ಪ್ರಯೋಗಕ್ಕೆ ಎಷ್ಟು ಒಗ್ಗುತ್ತದೆ?

ಪಿಸಿಐಬೆಕ್ಸ್ ಫಾರ್ಮ್ ಎನ್ನುವುದು ಬ್ರೌಸರಿನಲ್ಲೇ ಭಾಷಾ ಪ್ರಯೋಗ ನಡೆಸಲು ಇರುವ ಉಚಿತ ಸೇವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೆರೆಮಿ ಜೆಹರ್ ಮತ್ತು ಫ್ಲೋರಿಯನ್ ಶ್ವಾರ್ಟ್ಸ್ 2018ರಲ್ಲಿ ಹೊರತಂದ ಪೆನ್‌ಕಂಟ್ರೋಲರ್ ಎಂಬ ತಂತ್ರಾಂಶ ಇದರ ಬೆನ್ನೆಲುಬು. ಇದಕ್ಕಿಂತ ಮುಂಚೆ ಬಳಕೆಯಲ್ಲಿದ್ದ, ಅಲೆಕ್ಸ್ ಡ್ರಮಂಡ್ ಕಟ್ಟಿದ ಐಬೆಕ್ಸ್ ಫಾರ್ಮ್ 2021ರಲ್ಲಿ ಮುಚ್ಚಿತು; ಅಲ್ಲಿದ್ದ ಬಹಳಷ್ಟು ಜನ ಇಲ್ಲಿಗೇ ಬಂದರು. ವಾಕ್ಯರಚನೆಗೂ ಅರ್ಥಕ್ಕೂ ಇರುವ ನಂಟನ್ನು ಅಳೆಯುವ ಕೆಲಸಕ್ಕೆ ದುಡ್ಡಿಲ್ಲದೆ ಸಿಗುವ ಸಲಕರಣೆಗಳಲ್ಲಿ ಇದೇ ಒಳ್ಳೆಯದು ಎಂದು ಧೈರ್ಯವಾಗಿ ಹೇಳಬಹುದು. ಆದರೆ ಕನ್ನಡದ ವಾಕ್ಯ ಹಾಕಿದ ಕೂಡಲೇ ಕೆಲವು ತೊಡಕು ಏಳುತ್ತವೆ. ಅರ್ಧ ತೊಡಕು ಸೇವೆಯದು, ಇನ್ನರ್ಧ ಪ್ರಯೋಗ ಕಟ್ಟುವವರದು.

ಗೂಗಲ್ ಫಾರ್ಮ್ಸ್ ಸಾಲದೇ? ‘ಈ ವಾಕ್ಯ ಸರಿಯೇ?’ ಎಂದಷ್ಟೇ ಕೇಳುವುದಾದರೆ ಹೇಗೋ ನಡೆದೀತು. ಒಂದೇ ವಾಕ್ಯದ ನಾಲ್ಕು ರೂಪಗಳಲ್ಲಿ ಒಬ್ಬರಿಗೆ ಒಂದನ್ನು ಮಾತ್ರ ತೋರಿಸುವುದು, ಉತ್ತರಕ್ಕೆ ಹಿಡಿದ ಸಮಯವನ್ನು ಮಿಲಿಸೆಕೆಂಡಿನಲ್ಲಿ ದಾಖಲಿಸುವುದು, ಚಿತ್ರ ತೋರಿಸಿ ಮರೆಮಾಡಿ ಆಮೇಲೆ ವಾಕ್ಯ ತೋರಿಸುವುದು, ಇವೆಲ್ಲ ಅದರ ಕೈಲಾಗದ ಕೆಲಸ. ಇಲ್ಲಿ ಅವು ಐದಾರು ಸಾಲು ಕೋಡಿನಲ್ಲಿ ಮುಗಿಯುತ್ತವೆ.

ಒಂದು ಪ್ರಯೋಗವನ್ನೇ ಇಟ್ಟುಕೊಂಡು ನೋಡೋಣ. ‘ಹುಡುಗ ಎರಡು ಪುಸ್ತಕ ಓದಲಿಲ್ಲ.’ ಇದಕ್ಕೆ ಎರಡು ಅರ್ಥ. ಓದದೆ ಉಳಿದ ಪುಸ್ತಕ ಎರಡಿವೆ ಎನ್ನುವುದು ಒಂದು. ಅವನು ಓದಿದ್ದು ಎರಡಾಗಲಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ‘ಎರಡು’ ನಿಷೇಧದ (ಇಲ್ಲಿ ‘ಇಲ್ಲ’ ಎನ್ನುವುದರ) ವ್ಯಾಪ್ತಿಯಿಂದ ಹೊರಗೆ, ಎರಡನೆಯದರಲ್ಲಿ ಒಳಗೆ. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮ್ಯುಸೊಲಿನೊ 2002ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡವನ್ನು ಆರಿಸಿಕೊಂಡದ್ದು ಇದಕ್ಕೇ. ಕನ್ನಡದಲ್ಲಿ ಕರ್ಮ ನಿಷೇಧಕ್ಕಿಂತ ಮೊದಲು ಬರುತ್ತದೆ, ಇಂಗ್ಲಿಷಿನಲ್ಲಿ ಆಮೇಲೆ. ಆದರೂ ನಾಲ್ಕು ವರ್ಷದ ಮಕ್ಕಳು ಎರಡೂ ಭಾಷೆಯಲ್ಲಿ ‘ಎರಡಾಗಲಿಲ್ಲ’ ಎನ್ನುವ ಅರ್ಥಕ್ಕೇ ಅಂಟಿಕೊಂಡರು. ದೊಡ್ಡವರಿಗೆ ಎರಡೂ ಅರ್ಥ ಸಿಕ್ಕವು. ಅಂದರೆ ಮಕ್ಕಳು ಪದ ಮೊದಲೋ ಆಮೇಲೋ ಎಂದು ನೋಡುತ್ತಿರಲಿಲ್ಲ, ವಾಕ್ಯದ ಒಳರಚನೆಯಲ್ಲಿ ಯಾವುದು ಯಾವುದರ ಕೆಳಗಿದೆ ಎನ್ನುವುದನ್ನು ಅನುಸರಿಸುತ್ತಿದ್ದರು.

ದೊಡ್ಡವರ ಮೇಲೆ ಇಂಥದ್ದನ್ನು ಪಿಸಿಐಬೆಕ್ಸ್‌ನಲ್ಲಿ ಕಟ್ಟುವಾಗ ಮೊದಲು ಕೆಡುವುದು ಚಿತ್ರದಲ್ಲಿ. ಮೂರು ಪುಸ್ತಕ, ಹುಡುಗ ಓದಿದ್ದು ಒಂದು ಎಂದು ಚಿತ್ರ ಬರೆದರೆ ಇಡೀ ಪ್ರಯೋಗ ದಂಡ: ಓದದೆ ಉಳಿದವು ಎರಡು, ಓದಿದ್ದೂ ಎರಡಾಗಲಿಲ್ಲ, ಎರಡೂ ಅರ್ಥದಲ್ಲಿ ವಾಕ್ಯ ನಿಜ. ನಾಲ್ಕರಲ್ಲಿ ಎರಡನ್ನು ಓದಿದ ಚಿತ್ರ ಬೇಕು. ಅಲ್ಲಿ ಮೊದಲ ಅರ್ಥ ನಿಜ, ಎರಡನೆಯದು ಸುಳ್ಳು. ಜೊತೆಗೆ ಎರಡರಲ್ಲಿ ಒಂದನ್ನು ಓದಿದ ಚಿತ್ರ, ಅಲ್ಲಿ ಉಲ್ಟಾ. ಈ ಎರಡು ಚಿತ್ರಗಳ ಮುಂದೆ ‘ನಿಜ’, ‘ಸುಳ್ಳು’ ಗುಂಡಿ ಇಟ್ಟರೆ ಉತ್ತರವೇ ಅರ್ಥವನ್ನು ತೋರಿಸುತ್ತದೆ. ಇನ್ನೊಂದು ಮಾತು: ಎರಡು ಅರ್ಥ ಹೊಳೆದವರು ಸಾಮಾನ್ಯವಾಗಿ ನಿಜವಾಗುವ ಅರ್ಥವನ್ನೇ ಹಿಡಿದು ‘ನಿಜ’ ಒತ್ತುತ್ತಾರೆ. ಹಾಗಾಗಿ ‘ಸುಳ್ಳು’ ಎನ್ನುವ ಉತ್ತರಕ್ಕೆ ತೂಕ ಹೆಚ್ಚು.

ಇದಕ್ಕೆ ವಿಭಕ್ತಿಯನ್ನೂ ಸೇರಿಸಿ: ‘ಎರಡು ಪುಸ್ತಕ’ ಮತ್ತು ‘ಎರಡು ಪುಸ್ತಕವನ್ನು’. ‘ಅನ್ನು’ ಬಂದಾಗ ಗೊತ್ತಿರುವ ಅದೇ ಎರಡು ಎನ್ನುವ ಕಡೆಗೆ ಅರ್ಥ ವಾಲುತ್ತದೆಯೇ ಎಂಬುದು ಪ್ರಶ್ನೆ. ‘ಪುಸ್ತಕಗಳನ್ನು’ ಎಂದು ಬರೆದರೆ ‘ಗಳು’ ಕೂಡ ನುಗ್ಗಿ, ಫಲಿತಾಂಶ ಯಾವುದರಿಂದ ಬಂತೆಂದು ಹೇಳಲಾಗದು. ಕರ್ಮವಾಗಿ ಮನುಷ್ಯರನ್ನು ಇಡಲೇಬೇಡಿ. ‘ಮೇಷ್ಟ್ರು ಇಬ್ಬರು ಹುಡುಗರು ಕರೆಯಲಿಲ್ಲ’ ಎಂದು ಯಾರೂ ಅನ್ನುವುದಿಲ್ಲ, ಅಲ್ಲಿ ‘ಅನ್ನು’ ಬಿಡುವ ಆಯ್ಕೆಯೇ ಇಲ್ಲ. ‘ಎಲ್ಲ ಮಕ್ಕಳೂ’ ಥರದ ವಾಕ್ಯ ಇಟ್ಟರೆ ಕೊನೆಯ ‘ಊ’ ಎಲ್ಲ ಸಾಲಿನಲ್ಲೂ ಇರಲಿ, ಇಲ್ಲವೇ ಎಲ್ಲೂ ಬೇಡ.

ಈಗ ಸೇವೆಯ ಒಳಗೆ. ಖಾತೆ ತೆರೆದು ಹೊಸ ಪ್ರಾಜೆಕ್ಟ್ ಮಾಡಿದರೆ ಕಾಣುವ ಮುಖ್ಯ ಜಾಗಗಳು ಎರಡು: ಚಿತ್ರ ಮತ್ತು ಸಿಎಸ್‌ವಿ (ವಾಕ್ಯಗಳ ಕೋಷ್ಟಕದ ಫೈಲ್) ಹಾಕುವ ರಿಸೋರ್ಸಸ್, ಕೋಡ್ ಬರೆಯುವ ಸ್ಕ್ರಿಪ್ಟ್ಸ್. (ಇಲ್ಲಿ ಕನ್ನಡದಲ್ಲಿ ಬರೆದ ಆದೇಶಗಳನ್ನು ಅಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪಿಸಬೇಕು, ದೊಡ್ಡಕ್ಷರ, ಚಿಕ್ಕಕ್ಷರ ತಪ್ಪಿದರೆ ಕೋಡ್ ನಿಲ್ಲುತ್ತದೆ.) ಎರಡು ಚಿತ್ರ, ಎರಡು ವಿಭಕ್ತಿ ರೂಪ, ಒಟ್ಟು ನಾಲ್ಕು ಸ್ಥಿತಿ. ವಾಕ್ಯಗಳು 24 ಎಂದಿಟ್ಟುಕೊಂಡರೆ ಸಿಎಸ್‌ವಿಯಲ್ಲಿ 96 ಸಾಲು. ಗ್ರೂಪ್ ಎಂಬ ಕಾಲಂನಲ್ಲಿ ಎ, ಬಿ, ಸಿ, ಡಿ ಹಾಕಿದರೆ ಟೆಂಪ್ಲೇಟ್ ಆದೇಶ ಒಬ್ಬರಿಗೆ ಒಂದೇ ಗುಂಪಿನ 24 ಸಾಲು ತೋರಿಸುತ್ತದೆ. ಪ್ರತಿ ಸ್ಥಿತಿಗೆ ಆರು. ಗುಂಪಿನ ಅಕ್ಷರವನ್ನು ವಾಕ್ಯದಿಂದ ವಾಕ್ಯಕ್ಕೆ ಒಂದೊಂದು ಸ್ಥಾನ ಸರಿಸುತ್ತಾ ಹೋಗಬೇಕು. ಸರಿಸದಿದ್ದರೆ ಎ ಗುಂಪಿನವರು 24 ಸಲವೂ ಒಂದೇ ಸ್ಥಿತಿಯನ್ನು ನೋಡುತ್ತಾರೆ. ಸೇವೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಎಲ್ಲ ಸರಿಯಾಗಿಯೇ ಇದೆ.

ಯಾರಿಗೆ ಯಾವ ಗುಂಪು ಎನ್ನುವುದನ್ನು ಸರ್ವರ್‌ನಲ್ಲಿರುವ ಕೌಂಟರ್ ತೀರ್ಮಾನಿಸುತ್ತದೆ. ಒಬ್ಬರು ಮುಗಿಸಿ ಫಲಿತಾಂಶ ಕಳಿಸಿದ ಮೇಲೆಯೇ ಅದು ಒಂದು ಹೆಜ್ಜೆ ಮುಂದೆ ಹೋಗುವುದು. ಒಂದು ತರಗತಿಯ 30 ಜನರಿಗೆ ಒಟ್ಟಿಗೆ ಕೊಂಡಿ ಕಳಿಸಿದರೆ ಮೂವತ್ತೂ ಜನ ಒಂದೇ ಗುಂಪಿಗೆ ಬೀಳುವ ಸಂಭವ ಹೆಚ್ಚು. ಸೆಟ್‌ಕೌಂಟರ್ ಆದೇಶವನ್ನು ಒಪ್ಪಿಗೆ ಪುಟದ ಆಸುಪಾಸಿನಲ್ಲೇ ಹಾಕಿ ಕೌಂಟರನ್ನು ಬೇಗ ಏರಿಸುವುದು ಇದಕ್ಕೆ ಪರಿಹಾರ. ಬೆಲೆಯೂ ಇದೆ: ನಡುವೆ ಬಿಟ್ಟುಹೋದವರು ತಮ್ಮ ಗುಂಪಿನ ಜಾಗವನ್ನು ತಿಂದುಹಾಕುತ್ತಾರೆ, ಕೊನೆಗೆ ಗುಂಪುಗಳ ಎಣಿಕೆ ಏರುಪೇರಾಗುತ್ತದೆ. ಒಟ್ಟಿಗೆ ಕೂರಿಸಿ ನಡೆಸುವುದಾದರೆ ಇದೇ ವಾಸಿ. ಒಬ್ಬೊಬ್ಬರಾಗಿ ಬರುವುದಾದರೆ ಹಳೆಯ ಕ್ರಮವೇ ಇರಲಿ.

ಯಾವುದು ಯಾವ ಕ್ರಮದಲ್ಲಿ ಬರಬೇಕೆಂದು ಹೇಳುವ ಸೀಕ್ವೆನ್ಸ್ ಸಾಲಿನಲ್ಲಿ ಹೊಸಬರು ಪ್ರಯೋಗದ ವಾಕ್ಯಗಳಿಗೆ ಒಂದು ರ‍್ಯಾಂಡಮೈಸ್, ಭರ್ತಿ ವಾಕ್ಯಗಳಿಗೆ (ಉದ್ದೇಶ ಗೊತ್ತಾಗದಿರಲೆಂದು ನಡುವೆ ಸೇರಿಸುವ ಬೇರೆ ವಾಕ್ಯಗಳಿಗೆ) ಇನ್ನೊಂದು ರ‍್ಯಾಂಡಮೈಸ್ ಬರೆದುಬಿಡುತ್ತಾರೆ. ಆಗ ನಿಷೇಧದ ವಾಕ್ಯಗಳೆಲ್ಲ ಮೊದಲು ಬಂದು, ಭರ್ತಿಯವು ಹಿಂದೆ ಸಾಲುಗಟ್ಟುತ್ತವೆ. ಐದನೆಯ ವಾಕ್ಯಕ್ಕೇ ಜನರಿಗೆ ಗುಟ್ಟು ಗೊತ್ತಾಗುತ್ತದೆ. ಆರ್‌ಶಫಲ್ ಬಳಸಿ, ಅದು ಎರಡೂ ಬಗೆಯನ್ನು ಸಮ ಅಂತರದಲ್ಲಿ ಬೆರೆಸುತ್ತದೆ.

ಸೇವೆಯ ಅತಿ ಕೆಟ್ಟ ಗುಣ ದಾಖಲೆಯದು. ಗುಂಡಿಗೋ ಮಾಪಕಕ್ಕೋ ‘ಲಾಗ್’ ಎಂದು ಬರೆಯದಿದ್ದರೆ ಉತ್ತರ ಉಳಿಯುವುದೇ ಇಲ್ಲ; ಟ್ರಯಲ್ (ಒಂದು ವಾಕ್ಯ ತೋರಿಸಿ ಉತ್ತರ ಪಡೆಯುವ ಒಂದು ಸುತ್ತು) ಶುರುವಾದ ಮತ್ತು ಮುಗಿದ ಸಮಯ ಮಾತ್ರ ಸಿಗುತ್ತದೆ. ವಾಕ್ಯದ ಸಂಖ್ಯೆ, ಸ್ಥಿತಿ, ಗುಂಪು ಇವುಗಳಿಗೂ ಟ್ರಯಲ್‌ನ ಕೊನೆಯಲ್ಲಿ ಒಂದೊಂದು ಲಾಗ್ ಬೇಕು. ಪರದೆಯ ಮೇಲೆ ಪ್ರಯೋಗ ಚೆನ್ನಾಗಿ ಓಡುತ್ತಿರುತ್ತದೆ, ಜನ ಉತ್ತರಿಸುತ್ತಿರುತ್ತಾರೆ, ಫೈಲಿನಲ್ಲಿ ಮಾತ್ರ ಏನೂ ಇರುವುದಿಲ್ಲ. ಉತ್ತರ ಉಳಿಸುವುದು ತಾನಾಗಿಯೇ ಆಗಬೇಕಿತ್ತು, ಬೇಡವೆಂದರೆ ನಿಲ್ಲಿಸುವ ಆದೇಶ ಇರಬೇಕಿತ್ತು. ಇಷ್ಟು ಒಳ್ಳೆಯ ಸಲಕರಣೆಯಲ್ಲಿ ಈ ತಲೆಕೆಳಗಾದ ಕ್ರಮ ಏಕೋ. ಸೆಂಡ್‌ರಿಸಲ್ಟ್ಸ್ ಅನ್ನು ‘ಧನ್ಯವಾದ’ ಪುಟಕ್ಕಿಂತ ಮೊದಲು ಇಡಿ. ಧನ್ಯವಾದ ಕಂಡ ಕೂಡಲೇ ಜನ ಟ್ಯಾಬ್ ಮುಚ್ಚುತ್ತಾರೆ. ಡೀಬಗ್‌ಆಫ್ ಹಾಕದೆ ಪ್ರಕಟಿಸಿದರೆ ಪಕ್ಕದಲ್ಲಿ ಡೀಬಗ್ಗರ್ ಕಿಟಕಿ ತೆರೆದೇ ಇರುತ್ತದೆ, ಭಾಗವಹಿಸುವವರು ಅಲ್ಲಿಂದಲೇ ಟ್ರಯಲ್ ಹಾರಿಸಬಹುದು.

ಕನ್ನಡ ಅಕ್ಷರದ ವಿಷಯಕ್ಕೆ ಬಂದರೆ, ಯೂನಿಕೋಡ್ ಇದ್ದರೆ ಒತ್ತಕ್ಷರ ಸಮೇತ ಸರಿಯಾಗಿ ಮೂಡುತ್ತದೆ. ಹಳೆಯ ನುಡಿ ಅಥವಾ ಬರಹದ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿದ ವಾಕ್ಯಪಟ್ಟಿಯನ್ನು ಮೊದಲು ಪರಿವರ್ತಿಸಿಕೊಳ್ಳಿ, ಇಲ್ಲದಿದ್ದರೆ ಪರದೆ ತುಂಬ ಕಸ. ಎಕ್ಸೆಲ್‌ನಲ್ಲಿ ಮಾಮೂಲಿ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಬಹುದು. ಯುಟಿಎಫ್-8 ಆಯ್ಕೆಯನ್ನೇ ಆರಿಸಬೇಕು.

ಪದಪದವಾಗಿ ಓದಿಸಿ ಸಮಯ ಅಳೆಯುವ ಡ್ಯಾಶ್ಡ್‌ಸೆಂಟೆನ್ಸ್ ಕನ್ನಡಕ್ಕೆ ಅಷ್ಟು ಸಲೀಸಲ್ಲ. ಅದು ತುಂಡು ಮಾಡುವುದು ಖಾಲಿ ಜಾಗ ಇದ್ದಲ್ಲಿ. ‘ಓದಲಿಲ್ಲ’ ಎನ್ನುವುದರಲ್ಲಿ ಕ್ರಿಯೆಯೂ ನಿಷೇಧವೂ ಒಂದೇ ಪದದೊಳಗಿವೆ. ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಬಿಡಿಸಲಾಗದು. ಸಾಲದ್ದಕ್ಕೆ ಅದು ವಾಕ್ಯದ ಕೊನೆಯ ಪದ. ಕೊನೆಯಲ್ಲಿ ಎಲ್ಲರೂ ಇಡೀ ವಾಕ್ಯವನ್ನು ಒಟ್ಟುಗೂಡಿಸಿಕೊಳ್ಳಲು ತುಸು ನಿಲ್ಲುತ್ತಾರೆ, ಆ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ‘ಹುಡುಗ ಎರಡು ಪುಸ್ತಕ ಓದಲಿಲ್ಲ ಎಂದು ಮೇಷ್ಟ್ರು ನಿನ್ನೆ ಹೇಳಿದರು’ ಎಂದು ಬಾಲ ಸೇರಿಸಿದರೆ ಮುಂದಿನ ಎರಡು ಮೂರು ಪದಗಳಲ್ಲಿ ಪರಿಣಾಮ ಹುಡುಕಬಹುದು. ‘ಎರಡು ಪುಸ್ತಕ’ ಒಂದೇ ತುಂಡಾಗಿ ಬರಬೇಕೆಂದರೆ ವಾಕ್ಯವನ್ನು ತುಂಡುಗಳ ಪಟ್ಟಿಯಾಗಿ ಕೊಡಿ. ಕೀಲಿ ಒತ್ತಿಸಿ ಸಮಯ ಅಳೆಯುವ ಪ್ರಯೋಗವನ್ನು ಫೋನಿನಲ್ಲಿ ಮಾಡಿಸಲು ಹೋಗಬೇಡಿ. ಗುಂಡಿ ಒತ್ತುವ ನಿಜ-ಸುಳ್ಳು ಪ್ರಯೋಗಕ್ಕೆ ಫೋನ್ ಸಾಕು.

ಫಲಿತಾಂಶದ ಫೈಲ್ ಮೊದಲ ನೋಟಕ್ಕೆ ಗಾಬರಿ ಹುಟ್ಟಿಸುತ್ತದೆ: ಕಾಲಂಗಳ ಹೆಸರು ‘#’ ಇರುವ ಸಾಲುಗಳಲ್ಲಿ, ಅದೂ ನಡುನಡುವೆ ಬದಲಾಗುತ್ತಾ ಬರುತ್ತದೆ. ಇದನ್ನು ಓದಲು ಆರ್ ಭಾಷೆಯ ಸಣ್ಣ ಫಂಕ್ಷನ್ ಒಂದನ್ನು ಅವರ ಕೈಪಿಡಿಯಲ್ಲೇ ಕೊಟ್ಟಿದ್ದಾರೆ, ಅದನ್ನು ನಕಲಿಸಿಕೊಂಡರಾಯಿತು. ಭಾಗವಹಿಸಿದವರನ್ನು ಗುರುತಿಸಲು ಸೇವೆ ಕೊಡುವ ಎಂಡಿ5 ಸಂಕೇತವನ್ನು ಮಾತ್ರ ನೆಚ್ಚಬೇಡಿ. ಒಂದೇ ಪ್ರಯೋಗಾಲಯದ ಒಂದೇ ಥರದ ಕಂಪ್ಯೂಟರುಗಳಲ್ಲಿ ಕೂತವರೆಲ್ಲರಿಗೂ ಒಂದೇ ಸಂಕೇತ ಬಂದು, ಹತ್ತು ಜನ ಒಬ್ಬರಾಗಿಬಿಡಬಹುದು. ಕೊಂಡಿಯ ಕೊನೆಗೆ ಒಂದು ಗುರುತುಸಂಖ್ಯೆ ಸೇರಿಸಿ, ಗೆಟ್‌ಯುಆರ್‌ಎಲ್‌ಪ್ಯಾರಾಮೀಟರ್‌ನಿಂದ ಅದನ್ನು ಪಡೆದು ಲಾಗ್ ಮಾಡಿ.

ಚಿಕ್ಕ ಮಕ್ಕಳ ಮೇಲಿನ ಕೆಲಸಕ್ಕೆ ಇದು ಆಗಿಬರುವುದಿಲ್ಲ. ಲಿಡ್ಜ್ ಅವರು ಹೆನ್ರಿ ಗ್ಲೈಟ್‌ಮನ್, ಲೀಲಾ ಗ್ಲೈಟ್‌ಮನ್ ಜೊತೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ವರ್ಷದ ಕನ್ನಡದ ಮಕ್ಕಳು ಕೇಳಿದ ವಾಕ್ಯವನ್ನು ಆಟಿಕೆಗಳಿಂದ ಆಡಿ ತೋರಿಸಬೇಕಿತ್ತು. ಕ್ರಿಯಾಪದಕ್ಕೆ (‘ಓಡಿಸು’ ಎನ್ನುವಲ್ಲಿರುವಂತೆ) ‘ಇಸು’ ಹತ್ತಿದೆಯೇ ಎನ್ನುವುದಕ್ಕಿಂತ ವಾಕ್ಯದಲ್ಲಿ ನಾಮಪದ ಎಷ್ಟಿವೆ ಎನ್ನುವುದನ್ನೇ ಅವರು ಹಿಡಿದರು: ಎರಡಿದ್ದರೆ ಒಂದು ಗೊಂಬೆ ಇನ್ನೊಂದಕ್ಕೆ ಏನೋ ಮಾಡಿಸುತ್ತಿತ್ತು, ಒಂದೇ ಇದ್ದರೆ ‘ಇಸು’ ಇದ್ದರೂ ಮಾಡಿಸುತ್ತಿರಲಿಲ್ಲ. ಅಂಥದ್ದಕ್ಕೆ ನೆಲದ ಮೇಲೆ ಕೂತ ಮಗು, ಎದುರಿಗೆ ಒಬ್ಬರು, ಒಂದು ಕ್ಯಾಮೆರಾ ಬೇಕು. ಅದೇ ‘ಇಸು’ ಪ್ರಶ್ನೆಯನ್ನು ದೊಡ್ಡವರಿಗೆ ಎರಡು ಚಿಕ್ಕ ವಿಡಿಯೊ ತೋರಿಸಿ, ‘ಯಾವುದು ಹೊಂದುತ್ತದೆ?’ ಎಂದು ಕೇಳುವುದಾದರೆ ನ್ಯೂವಿಡಿಯೊ ಮತ್ತು ನ್ಯೂಸೆಲೆಕ್ಟರ್ ಸಾಕು. ವಿಡಿಯೊ ಪೂರ್ತಿ ಇಳಿಯುವ ಮೊದಲೇ ಟ್ರಯಲ್ ಶುರುವಾಗದಂತೆ ಚೆಕ್‌ಪ್ರಿಲೋಡೆಡ್ ಹಾಕಿಕೊಳ್ಳಿ.