ಹಾರ್ನಡಿ .17 ಎಚ್‌ಎಂಆರ್: ಪ್ರೇರಿ ಡಾಗ್‌ಗೆ ಸೂಪರ್, ಕಯೋಟಿಗೆ ಬೇಡ

ಅಮೆರಿಕದಲ್ಲಿ ಲೈಸೆನ್ಸ್ ತೆಗೆದುಕೊಂಡು ಸಣ್ಣ ಬೇಟೆಗೆ ಹೋಗುವವರಿಗೆ ಹಾರ್ನಡಿ ಕಂಪನಿಯ ಈ ಕಾರ್ಟ್ರಿಜ್ (ಬಂದೂಕಿನ ತೋಟಾ) ತೆಗೆದುಕೊಳ್ಳಿ ಎಂದು ಧೈರ್ಯವಾಗಿ ಹೇಳುತ್ತೇನೆ. 2002ರಲ್ಲಿ ಬಂದಿದ್ದು, .22 ಮ್ಯಾಗ್ನಮ್ ಎಂಬ ಹಳೆಯ ತೋಟಾದ ಕೇಸಿನ (ಹೊರಕವಚದ) ಕತ್ತನ್ನೇ ಕಿರಿದು ಮಾಡಿದ್ದಾರೆ. 17 ಗ್ರೇನ್ (ಸುಮಾರು 1.1 ಗ್ರಾಂ) ತೂಕದ ವಿ-ಮ್ಯಾಕ್ಸ್ ಗುಂಡು ಸೆಕೆಂಡಿಗೆ ಸುಮಾರು 2550 ಅಡಿ ವೇಗದಲ್ಲಿ ಹೊರಡುತ್ತದೆ, ಹಾಗಾಗಿ 100 ಗಜಕ್ಕೆ ಝೀರೋ ಮಾಡಿದರೆ (ಆ ದೂರಕ್ಕೆ ಗುರಿ ಹೊಂದಿಸಿದರೆ) 150 ಗಜದಲ್ಲಿ ಬೀಳುವುದು ಮೂರು ಇಂಚಿನಷ್ಟೇ. ಬಯಲಲ್ಲಿ ಪ್ರೇರಿ ಡಾಗ್ (ಬಿಲ ತೋಡುವ, ಅಳಿಲಿನ ಜಾತಿಯ ಸಣ್ಣ ಪ್ರಾಣಿ) ಹೊಡೆಯಲು ಇನ್ನೇನು ಬೇಕು? ತುದಿಯ ಕೆಂಪು ಪ್ಲಾಸ್ಟಿಕ್‌ನಿಂದಾಗಿ ಗುಂಡು ತಗುಲಿದ ಕೂಡಲೇ ಚೂರಾಗುತ್ತದೆ, ಪುಟಿದು ಬೇರೆಡೆ ಹಾರುವ ಭಯ ಕಡಿಮೆ.

ಆದರೆ ಗಾಳಿ ಬೀಸಿದರೆ ಕಷ್ಟ. ಇಷ್ಟು ಹಗುರ ಗುಂಡು ಸುಮ್ನೆ ಪಕ್ಕಕ್ಕೆ ಸರಿದುಬಿಡುತ್ತದೆ.

ತಿನ್ನಲು ಅಳಿಲು, ಮೊಲ ಹೊಡೆಯುವವರು ತಲೆಗೇ ಗುರಿ ಇಡಬೇಕು, ಮೈಗೆ ಬಿದ್ದರೆ ಮಾಂಸ ಹಾಳು. 50 ಗಜದೊಳಗೆ ಆ ಕೆಲಸಕ್ಕೆ ಹಳೆಯ .22 ಎಲ್‌ಆರ್ ಹಾಲೋ ಪಾಯಿಂಟೇ (ತುದಿ ಟೊಳ್ಳಾದ ಗುಂಡು) ಒಳ್ಳೆಯದು, ಅಗ್ಗವೂ ಹೌದು. ಕಯೋಟಿಗೆ (ತೋಳದಂಥ ಕಾಡುಪ್ರಾಣಿ) ಮಾತ್ರ ದಯವಿಟ್ಟು ಇದನ್ನು ಬಳಸಬೇಡಿ. ಹತ್ತಿರದಿಂದ ಬೀಳಿಸಿದವರಿದ್ದಾರೆ, ನಿಜ, ಆದರೆ ಗಾಯಗೊಂಡು ಓಡಿದ ಪ್ರಾಣಿ ಎಲ್ಲೋ ನರಳಿ ಸಾಯುವುದು ಸರಿಯಲ್ಲ ಅಲ್ವಾ? ಅದಕ್ಕೆ ಹೆಚ್ಚು ಶಕ್ತಿಯ .223 ತೋಟಾ ತೆಗೆದುಕೊಳ್ಳಿ.